ಇಳಿದ ವಿಮಾನವು ನೆಲಕ್ಕೇಕೆ ಕುಸಿಯಿತು?

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕೆ ಸೇರಿದ ಕೆಲವು ವಿಮಾನಗಳು ವಿಚಿತ್ರವಾದ ಅಪಘಾತಕ್ಕೆ ಒಳಗಾಗುತ್ತಿದ್ದವು. ಹಾರಾಟವನ್ನು ಮುಗಿಸಿ ಬಂದ ವಿಮಾನವು ಓಡುದಾರಿಯನ್ನು ಕ್ಷೇಮವಾಗಿ ಮುಟ್ಟುವುದು, ಚಕ್ರಗಳು ಉರುಳತೊಡಗುವುವು, ಅಷ್ಟರಲ್ಲಿ ಆ ಚಕ್ರಗಳೇ ಮೇಲಕ್ಕೆ ಮಡಿಸಿಕೊಂಡು ವಿಮಾನವು ಹೊಟ್ಟೆಯ ಮೇಲೆ ಕುಸಿದುಬೀಳುವುದು. ಪರೀಕ್ಷಿಸಿದರೆ ಯಂತ್ರದಲ್ಲಿ ಕೆಟ್ಟುಹೋದ ಭಾಗ ಯಾವುದೂ ಕಾಣದು. ಆದುದರಿಂದ ‘ಚಾಲಕನ ತಪ್ಪು’ ಎಂಬ ಷರಾದೊಡನೆ ವಿಚಾರಣೆ ಮುಗಿಯುತ್ತಿತ್ತು.

ಈ ತೀರ್ಮಾನವು ಸರಿಯೆ? ಇದನ್ನು ತಿಳಿಯಲು ಬಿ-17 ಎಂಬ ಬಾಂಬರ್ ವಿಮಾನವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ನಾಲ್ಕು ಇಂಜಿನುಗಳ ಈ ವಿಮಾನದ ರೆಕ್ಕೆಗಳ ಹರವು ಸುಮಾರು 31.6 ಮೀಟರು. ಸಾಮಾನ್ಯವಾಗಿ ಅದರಲ್ಲಿ ಹತ್ತು ಮಂದಿ ಇರುತ್ತಿದ್ದರು: ಚಾಲಕ, ಸಹಚಾಲಕ, ದಾರಿಯನ್ನು ಗಣಿಸಿ ಹೇಳುವವನು, ಬಾಂಬನ್ನು ಗುರಿಯಿಟ್ಟು ಬೀಳಿಸುವವನು, ಇಂಜಿನುಗಳ ಮೇಲೆ ಕಣ್ಣಿಟ್ಟಿರುವ ಎಂಜಿನಿಯರು, ರೇಡಿಯೊ ನಿರ್ವಾಹಕ ಮತ್ತು ನಾಲ್ವರು ಬಂದೂಕುಗಾರರು. ಇಳಿಯುವಾಗ ಈ ಎಲ್ಲರ ಕ್ಷೇಮವೂ ಮುಂದೆ ಕುಳಿತ ಇಬ್ಬರ ಕೈಯಲ್ಲಿತ್ತು.

ವಿಮಾನವು ಇಳಿಯಬೇಕಾದರೆ ವೇಗವನ್ನು ತಗ್ಗಿಸಬೇಕು. ಆದರೆ ವೇಗ ತಗ್ಗಿದಂತೆ ರೆಕ್ಕೆಗಳ ಎತ್ತುವ ಬಲವೂ ತಗ್ಗುತ್ತದೆ. ಈ ಕೊರತೆಯನ್ನು ತುಂಬಲು ರೆಕ್ಕೆಯ ಹಿಂಭಾಗದಲ್ಲಿ ಕೆಳಕ್ಕೆ ಬಾಗಿಸಬಹುದಾದ ಅಗಲವಾದ ಪಟ್ಟಿಗಳಿವೆ. ಇವುಗಳಿಗೆ ಫ್ಲ್ಯಾಪುಗಳೆಂದು ಹೆಸರು. ಇವನ್ನು ಬಾಗಿಸಿದಾಗ ಎತ್ತುವ ಬಲವೂ ಗಾಳಿಯ ತಡೆಯೂ ಹೆಚ್ಚಿ, ವಿಮಾನವು ನಿಧಾನವಾಗಿ ಇಳಿಯಲು ಅನುಕೂಲವಾಗುತ್ತದೆ. ನೆಲವನ್ನು ಮುಟ್ಟಿದ ಮೇಲೆ ಫ್ಲ್ಯಾಪುಗಳನ್ನು ಮೇಲಕ್ಕೆತ್ತಿದರೆ ಎತ್ತುವ ಬಲ ಕಡಿಮೆಯಾಗಿ, ವಿಮಾನದ ಭಾರವೆಲ್ಲ ಚಕ್ರಗಳ ಮೇಲೆ ಬಿದ್ದು ಬ್ರೇಕು ಚೆನ್ನಾಗಿ ಹಿಡಿಯುತ್ತದೆ.

ಬಿ-17ರಲ್ಲಿ ಫ್ಲ್ಯಾಪುಗಳನ್ನೂ ಚಕ್ರಗಳನ್ನೂ ವಿದ್ಯುತ್ ಮೋಟಾರುಗಳು ನಡೆಸುತ್ತಿದ್ದವು. ಅವುಗಳ ಸ್ವಿಚ್ಚುಗಳೆರಡೂ ಒಂದೇ ಆಕಾರದವು. ಒಂದರ ಪಕ್ಕದಲ್ಲಿ ಇನ್ನೊಂದು. ಗಂಟೆಗಟ್ಟಲೆ ಹಾರಿ ಬಳಲಿದ ಸಹಚಾಲಕನು, ಕಣ್ಣನ್ನು ಓಡುದಾರಿಯಿಂದ ಕೀಳಲಾರದೆ, ಫ್ಲ್ಯಾಪಿನ ಸ್ವಿಚ್ಚೆಂದು ಚಕ್ರದ ಸ್ವಿಚ್ಚನ್ನು ಒತ್ತಿದರೆ ಆಶ್ಚರ್ಯವೇನು?

1943ರಲ್ಲಿ ಈ ಸಮಸ್ಯೆಯು ಓಹಿಯೋ ಪ್ರಾಂತದ ರೈಟ್ ಫೀಲ್ಡಿನಲ್ಲಿದ್ದ ವೈಮಾನಿಕ ವೈದ್ಯ ಪ್ರಯೋಗಾಲಯಕ್ಕೆ ಬಂದಿತು. ಅದನ್ನು ಕೈಗೆತ್ತಿಕೊಂಡ ಅಲ್ಫಾನ್ಸ್ ಚಪಾನಿಸ್ ಎಂಜಿನಿಯರನಲ್ಲ. ಆಗತಾನೆ ಅಲ್ಲಿಗೆ ಸೇರಿದ್ದ ತರುಣ ಮನಶ್ಶಾಸ್ತ್ರಜ್ಞ. ಆತನು ಚಾಲಕರ ಸ್ವಭಾವವನ್ನು ವಿಮರ್ಶಿಸಲು ಹೋಗಲಿಲ್ಲ. ವಿಮಾನಗಳನ್ನೇ ಒಂದರೊಡನೊಂದು ಹೋಲಿಸಿ ನೋಡಿದನು. ಬಿ-17, ಬಿ-25, ಪಿ-47 ವಿಮಾನಗಳಲ್ಲಿ ಈ ತಪ್ಪು ಮತ್ತೆ ಮತ್ತೆ ನಡೆಯುತ್ತಿತ್ತು. ಸಿ-47 ಎಂಬ ಸಾಗಣೆಯ ವಿಮಾನದಲ್ಲಿ ಮಾತ್ರ ನಡೆಯುತ್ತಿರಲಿಲ್ಲ. ಸಿ-47ನ್ನು ನಡೆಸುವವರೂ ಮನುಷ್ಯರೇ. ಅವರಿಗೂ ಆಯಾಸವುಂಟು, ಆತುರವುಂಟು. ಆದರೆ ಅದರಲ್ಲಿ ಚಕ್ರದ ಹಿಡಿಕೆಯೂ ಫ್ಲ್ಯಾಪಿನ ಹಿಡಿಕೆಯೂ ಬೇರೆ ಬೇರೆ ಬಗೆಯವು. ಅವನ್ನು ನಡೆಸುವ ಕ್ರಮವೂ ಬೇರೆ.

ಇಲ್ಲಿಯ ತರ್ಕವನ್ನು ವಿದ್ಯಾರ್ಥಿಗಳು ಗಮನಿಸಬೇಕು. ತಪ್ಪಿಗೆ ಅಜಾಗರೂಕತೆಯೊಂದೇ ಕಾರಣವಾಗಿದ್ದರೆ ಅದು ಎಲ್ಲ ಬಗೆಯ ವಿಮಾನಗಳಲ್ಲಿಯೂ ಕಾಣಿಸಬೇಕಾಗಿತ್ತು. ಸಮರ್ಥರಾದ ಅನೇಕರು ಒಂದೇ ಸ್ಥಳದಲ್ಲಿ ಒಂದೇ ತಪ್ಪನ್ನು ಮಾಡುತ್ತಿದ್ದರೆ ಕಾರಣವನ್ನು ಆ ಸ್ಥಳದಲ್ಲಿಯೇ ಹುಡುಕಬೇಕು.

ಚಪಾನಿಸ್ ಸೂಚಿಸಿದ ಪರಿಹಾರವು ಬಹು ಸರಳವಾದುದು. ಚಕ್ರದ ನಿಯಂತ್ರಣದ ತುದಿಗೆ ರಬ್ಬರು ಸುತ್ತಿದ ಪುಟ್ಟ ಚಕ್ರ. ಫ್ಲ್ಯಾಪಿನ ನಿಯಂತ್ರಣದ ತುದಿಗೆ ಬೆಣೆಯಾಕಾರದ ತುಂಡು. ಇನ್ನು ಕಣ್ಣಿನ ನೆರವು ಬೇಡ. ಕತ್ತಲೆಯಲ್ಲಿಯೂ ಯಾವುದು ಯಾವುದೆಂದು ಬೆರಳುಗಳೇ ಹೇಳುತ್ತವೆ.

1947ರಲ್ಲಿ ಪಾಲ್ ಫಿಟ್ಸ್ ಮತ್ತು ಜೋನ್ಸ್ ಎಂಬುವರು ಒಂದು ವರದಿಯನ್ನು ಪ್ರಕಟಿಸಿದರು. ನಿಯಂತ್ರಣಗಳನ್ನು ಬಳಸುವಾಗ ಆದ 460 ತಪ್ಪುಗಳ ವೃತ್ತಾಂತವನ್ನು ವೈಮಾನಿಕರಿಂದಲೇ ಕೇಳಿ ಅವರು ವಿಂಗಡಿಸಿದ್ದರು. ಅವುಗಳಲ್ಲಿ ಅರ್ಧದಷ್ಟು, ಒಂದು ಹಿಡಿಕೆಯೆಂದು ಮತ್ತೊಂದನ್ನು ಹಿಡಿದುದರಿಂದ ಆದವು! ಮನುಷ್ಯನ ಶಕ್ತಿ ಮತ್ತು ಮಿತಿಗಳನ್ನು ಅರಿತು ಅವಕ್ಕೆ ತಕ್ಕಂತೆ ಯಂತ್ರವನ್ನು ರೂಪಿಸುವ ಶಾಸ್ತ್ರಕ್ಕೆ ಇಂತಹ ಸಂಶೋಧನೆಗಳು ತಳಹದಿಯಾದವು. ಅದನ್ನು ಈಗ ಎರ್ಗೊನಾಮಿಕ್ಸ್ ಎನ್ನುತ್ತಾರೆ. ಇಂದಿನ ಪ್ರಯಾಣಿಕ ವಿಮಾನಗಳಲ್ಲಿಯೂ ಚಕ್ರದ ಹಿಡಿಕೆಯ ಗುಬುಟು ಚಕ್ರದ ಆಕಾರದಲ್ಲಿಯೇ ಇರುತ್ತದೆ. ಅಮೆರಿಕದ ವಿಮಾನ ನಿಯಮಗಳಲ್ಲಿ ಈ ಆಕಾರವನ್ನು ಚಿತ್ರಸಹಿತ ವಿಧಿಸಲಾಗಿದೆ.

ಹಾಗೆಂದು ಮನುಷ್ಯನು ಎಚ್ಚರ ತಪ್ಪಬಹುದೆಂದು ಅರ್ಥವಲ್ಲ. ಎಚ್ಚರಕ್ಕೂ ಒಂದು ಮಿತಿಯುಂಟೆಂಬುದನ್ನು ಯಂತ್ರವನ್ನು ರಚಿಸುವವನು ಮರೆಯಬಾರದು, ಅಷ್ಟೆ. ನಿಮ್ಮ ಮನೆಯ ಗೋಡೆಯ ಮೇಲೆ ಸಾಲಾಗಿರುವ ಸ್ವಿಚ್ಚುಗಳನ್ನು ನೋಡಿರಿ. ದೀಪವನ್ನು ಹತ್ತಿಸಹೋಗಿ ಫ್ಯಾನನ್ನು ತಿರುಗಿಸದವರು ಯಾರಿದ್ದಾರೆ? ಅಲ್ಲಿ ಆ ತಪ್ಪಿಗೆ ನಗೆಯೇ ದಂಡ. ಬಿ-17ರಲ್ಲಾದರೋ ಹತ್ತು ಮಂದಿಯ ಪ್ರಾಣವೂ ಸಹಚಾಲಕನೊಬ್ಬನ ಮಾನವೂ ಅದನ್ನು ಅವಲಂಬಿಸಿದ್ದುವು.