ಬಾಕಿ ಹಣ ಅಪರಾಧವಾಗುವುದು ಯಾವಾಗ? ಅಪರಾಧಗಳ ಶ್ರೇಣಿ ಮತ್ತು ವರ್ತಕರು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಪೇಟೆಗಳಲ್ಲಿ ಬಾಕಿ ವಸೂಲಿಯ ವ್ಯವಹಾರ ಬಿಗಡಾಯಿಸಿದಾಗ ಸಾಮಾನ್ಯವಾಗಿ ಕೇಳಿಬರುವ ಮಾತೊಂದುಂಟು: "ಅವನ ಮ್ಯಾಲೆ ಫೋರ್ ಟ್ವೆಂಟಿ ಕೇಸು ಹಾಕಸ್ತೀನಿ." 1860ರ ಭಾರತೀಯ ದಂಡ ಸಂಹಿತೆಯ 420ನೇ ಕಲಂ ಅಷ್ಟರಮಟ್ಟಿಗೆ ಆಡುಮಾತಿನಲ್ಲಿ ಬೆರೆತುಹೋಗಿದೆ. 2024ರ ಜುಲೈ 1ರಿಂದ ಆ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ, 2023 ಜಾರಿಗೆ ಬಂದಿದ್ದು, ಹಳೆಯ 420ನೇ ಕಲಮು ಈಗ 318ನೇ ಕಲಮಿನ (4)ನೇ ಉಪಕಲಂ ಆಗಿದೆ. ಸಂಖ್ಯೆ ಬದಲಾದರೂ ಪೇಟೆಯ ತಪ್ಪು ತಿಳಿವಳಿಕೆ ಬದಲಾಗಿಲ್ಲ. ಕೊಡಬೇಕಾದ ಹಣವನ್ನು ಕೊಡದಿರುವುದೆಲ್ಲ ವಂಚನೆಯೆಂದು ಭಾವಿಸಿ ಠಾಣೆಯ ಮೆಟ್ಟಿಲು ಹತ್ತುವ ವರ್ತಕನು, ಕಾನೂನು ತನಗೆ ನಿಜವಾಗಿ ಕೊಟ್ಟಿರುವ ಪರಿಹಾರದ ಅವಧಿಯನ್ನು ಅಲೆದಾಟದಲ್ಲಿಯೇ ಕಳೆದುಕೊಳ್ಳುವುದುಂಟು. ಆದುದರಿಂದ ಅಪರಾಧಗಳನ್ನು ಕಾನೂನು ಹೇಗೆ ಶ್ರೇಣೀಕರಿಸಿದೆ ಎಂಬುದನ್ನು ವರ್ತಕರು ಸ್ಥೂಲವಾಗಿಯಾದರೂ ಅರಿತಿರುವುದು ಅವಶ್ಯ.

ನಾಲ್ಕು ಅಳತೆಗೋಲುಗಳು

ನಮ್ಮ ದೇಶದ ಕಾನೂನಿನಲ್ಲಿ ಅಪರಾಧದ ಗುರುತ್ವವನ್ನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಮೊದಲನೆಯ ಅನುಸೂಚಿಯು ಪ್ರತಿಯೊಂದು ಅಪರಾಧದ ಮುಂದೆ ನಾಲ್ಕು ಸಂಗತಿಗಳನ್ನು ನಮೂದಿಸುತ್ತದೆ.

ಮೊದಲನೆಯದು, ವಿಧಿಸಬಹುದಾದ ಗರಿಷ್ಠ ಶಿಕ್ಷೆ. ಎರಡನೆಯದು, ಅಪರಾಧವು ಸಂಜ್ಞೇಯವೋ ಅಸಂಜ್ಞೇಯವೋ ಎಂಬುದು. ಸಂಜ್ಞೇಯವಾದರೆ ಪೊಲೀಸರು ತಾವಾಗಿಯೇ ಪ್ರಥಮ ವರ್ತಮಾನ ವರದಿ ದಾಖಲಿಸಿ ತನಿಖೆ ಆರಂಭಿಸಬಹುದು. ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರವೂ ಅವರಿಗಿರುತ್ತದೆ. ಅಸಂಜ್ಞೇಯವಾದರೆ ದಂಡಾಧಿಕಾರಿಗಳ ಆದೇಶವಿಲ್ಲದೆ ತನಿಖೆ ನಡೆಯದು. ಮೂರನೆಯದು, ಜಾಮೀನು. ಜಾಮೀನೀಯ ಅಪರಾಧದಲ್ಲಿ ಜಾಮೀನು ಆರೋಪಿಯ ಹಕ್ಕು; ಅಜಾಮೀನೀಯ ಅಪರಾಧದಲ್ಲಿ ಅದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು. ಅಜಾಮೀನೀಯವೆಂದರೆ ಜಾಮೀನು ಸಿಗುವುದೇ ಇಲ್ಲವೆಂದು ಅರ್ಥವಲ್ಲ. ನಾಲ್ಕನೆಯದು, ವಿಚಾರಣೆ ನಡೆಸುವ ನ್ಯಾಯಾಲಯ: ದಂಡಾಧಿಕಾರಿಗಳೋ, ಸೆಷನ್ಸ್ ನ್ಯಾಯಾಲಯವೋ ಎಂಬುದು.

ಇವುಗಳೊಡನೆ ಐದನೆಯದೊಂದನ್ನು ವರ್ತಕರು ಕೇಳಿಕೊಳ್ಳಬೇಕು: ಈ ಅಪರಾಧದಲ್ಲಿ ರಾಜಿಗೆ ಅವಕಾಶವುಂಟೆ? ಸುರಕ್ಷಾ ಸಂಹಿತೆಯ 359ನೇ ಕಲಂ ಕೆಲವು ಅಪರಾಧಗಳಲ್ಲಿ ಉಭಯತರ ಒಪ್ಪಿಗೆಯಿಂದಲೂ, ಕೆಲವುಗಳಲ್ಲಿ ನ್ಯಾಯಾಲಯದ ಅನುಮತಿಯಿಂದಲೂ ರಾಜಿಗೆ ಎಡೆಮಾಡಿದೆ. ಉಳಿದವುಗಳಲ್ಲಿ ಹಣ ಮರಳಿ ಬಂದರೂ ಮೊಕದ್ದಮೆ ತಾನಾಗಿ ಮುಗಿಯುವುದಿಲ್ಲ.

ಬ್ಯಾಡಗಿಯ ಒಂದು ದಿನ

ಈ ಅಳತೆಗಳು ಒಂದರೊಡನೊಂದು ಹೊಂದಿಕೊಂಡೇ ಹೋಗುತ್ತವೆಂಬ ನಿಯಮವಿಲ್ಲ. ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿತದಿಂದ ರೊಚ್ಚಿಗೆದ್ದ ರೈತರು ಬ್ಯಾಡಗಿಯ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು. ವಾಹನಗಳಿಗೆ ಬೆಂಕಿ ಬಿದ್ದಿತು. ಪೊಲೀಸರ ಮೇಲೂ ಕಲ್ಲು ತೂರಾಟ ನಡೆಯಿತು. ಹೊಸ ಸಂಹಿತೆ ಇನ್ನೂ ಜಾರಿಯಾಗಿರಲಿಲ್ಲವಾದ್ದರಿಂದ ಅಂದಿನ ಕೃತ್ಯಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯ. ಅಪರಾಧ ನಡೆದ ದಿನ ಜಾರಿಯಲ್ಲಿದ್ದ ಕಾನೂನೇ ಶಿಕ್ಷೆಯನ್ನು ನಿರ್ಣಯಿಸುತ್ತದೆ.

ಯಾರ ಮೇಲೆ ಯಾವ ಆರೋಪ ನಿಲ್ಲುತ್ತದೆಂಬುದು ನ್ಯಾಯಾಲಯದ ವಿಷಯ. ಆದರೆ ಇಂತಹ ಸಂದರ್ಭದ ಒಂದೊಂದು ಕೃತ್ಯವನ್ನೂ ಕಾನೂನು ಹೇಗೆ ಬೇರೆಬೇರೆಯಾಗಿ ತೂಗುತ್ತದೆಂಬುದು ಗಮನಾರ್ಹ. ಅಕ್ರಮ ಕೂಟದಲ್ಲಿ ಸೇರಿದ್ದಕ್ಕೆ 143ನೇ ಕಲಮಿನಡಿ 6 ತಿಂಗಳವರೆಗೆ ಸೆರೆ, ದೊಂಬಿಗೆ 147ನೇ ಕಲಮಿನಡಿ 2 ವರ್ಷ, ಇವೆರಡೂ ಜಾಮೀನೀಯ. ಹಾನಿಯ ಉದ್ದೇಶದಿಂದ ಸ್ವತ್ತಿಗೆ ಬೆಂಕಿ ಇಟ್ಟರೆ 435ನೇ ಕಲಮಿನಡಿ 7 ವರ್ಷ. ಆದರೂ ಅದು ಜಾಮೀನೀಯವೇ. ವಾಸದ ಮನೆಗೋ, ಸರಕು ಇಡುವ ಕಟ್ಟಡಕ್ಕೋ ಬೆಂಕಿ ಇಟ್ಟರೆ 436ನೇ ಕಲಮಿನಡಿ 10 ವರ್ಷ ಅಥವಾ ಜೀವಾವಧಿ; ಅದು ಅಜಾಮೀನೀಯ, ಸೆಷನ್ಸ್ ನ್ಯಾಯಾಲಯದಲ್ಲಿಯೇ ವಿಚಾರಣೆ. ಕರ್ತವ್ಯದಲ್ಲಿರುವ ಸರ್ಕಾರಿ ನೌಕರನ ಮೇಲೆ ಕೈಮಾಡಿದರೆ 353ನೇ ಕಲಮಿನಡಿ ಶಿಕ್ಷೆ 2 ವರ್ಷವಷ್ಟೇ. ಆದರೆ ಅದು ಅಜಾಮೀನೀಯ. 7 ವರ್ಷದ ಅಪರಾಧದಲ್ಲಿ ಹಕ್ಕಾಗಿ ದೊರೆಯುವ ಜಾಮೀನು 2 ವರ್ಷದ ಅಪರಾಧದಲ್ಲಿ ಹಾಗೆ ದೊರೆಯುವುದಿಲ್ಲ. ಶಿಕ್ಷೆಯ ಅವಧಿಯೊಂದನ್ನೇ ನೋಡಿ ಅಪರಾಧದ ತೂಕವನ್ನು ಅಳೆಯಲಾಗದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ರಾಜ್ಯದ ಕಾಯ್ದೆಗಳು

ದಂಡ ಕಾನೂನು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿ ಸೇರಿರುವುದರಿಂದ ರಾಜ್ಯ ವಿಧಾನಮಂಡಲವೂ ಅಪರಾಧಗಳನ್ನು ಸೃಷ್ಟಿಸಬಹುದು. ರಾಜ್ಯದ ಕಾಯ್ದೆಯು ತಾನೇ ಶ್ರೇಣಿಯನ್ನು ಹೇಳದಿದ್ದರೆ ಸುರಕ್ಷಾ ಸಂಹಿತೆಯ ಮೊದಲನೆಯ ಅನುಸೂಚಿಯ ಎರಡನೆಯ ಭಾಗ ಅನ್ವಯವಾಗುತ್ತದೆ. ಅದರಲ್ಲಿ ಮೂರು ಮೆಟ್ಟಿಲುಗಳಿವೆ. 3 ವರ್ಷಕ್ಕಿಂತ ಕಡಿಮೆ ಸೆರೆ ಅಥವಾ ದಂಡ ಮಾತ್ರವಿದ್ದರೆ ಅಸಂಜ್ಞೇಯ ಹಾಗೂ ಜಾಮೀನೀಯ. 3 ವರ್ಷದಿಂದ 7 ವರ್ಷದವರೆಗೆ ಇದ್ದರೆ ಸಂಜ್ಞೇಯ, ಅಜಾಮೀನೀಯ, ಪ್ರಥಮ ವರ್ಗದ ದಂಡಾಧಿಕಾರಿಗಳ ವಿಚಾರಣೆ. 7 ವರ್ಷ ಮೀರಿದರೆ ಸಂಜ್ಞೇಯ, ಅಜಾಮೀನೀಯ, ಸೆಷನ್ಸ್ ವಿಚಾರಣೆ.

ಮೊದಲೆರಡು ಮೆಟ್ಟಿಲುಗಳ ನಡುವಿನ ಗೆರೆ ಬಹು ಸೂಕ್ಷ್ಮವಾದುದು. ಕೃತಿಸ್ವಾಮ್ಯ ಕಾಯ್ದೆ ಕೇಂದ್ರದ್ದಾದರೂ ಅದಕ್ಕೂ ಇದೇ ಅಳತೆ. ಅದರ 63ನೇ ಕಲಮಿನಲ್ಲಿ ಶಿಕ್ಷೆ "3 ವರ್ಷದವರೆಗೆ" ಎಂದಿರುವುದರಿಂದ ಆ ಅಪರಾಧ ಸಂಜ್ಞೇಯ ಹಾಗೂ ಅಜಾಮೀನೀಯವೆಂದು ಸರ್ವೋಚ್ಚ ನ್ಯಾಯಾಲಯವು 2022ರ ನಿಟ್ ಪ್ರೊ ಇಂಟರ್‌ನ್ಯಾಷನಲ್ ಪ್ರಕರಣದಲ್ಲಿ ತೀರ್ಪಿತ್ತಿತು. ಬೀಜದ ಪಾಕೀಟಿನ ಅಥವಾ ಖಾರದ ಪುಡಿಯ ಪೊಟ್ಟಣದ ಮೇಲಿನ ಚಿತ್ರವಿನ್ಯಾಸವನ್ನು ನಕಲು ಮಾಡುವುದು ಸಣ್ಣ ತಪ್ಪೆಂದು ತಿಳಿದವರು ಈ ತೀರ್ಪನ್ನು ನೆನಪಿನಲ್ಲಿಡಬೇಕು.

ರಾಜ್ಯ ಕಾಯ್ದೆಯೇ ಉನ್ನತ ಶ್ರೇಣಿಯನ್ನು ನಿಗದಿಪಡಿಸುವುದೂ ಉಂಟು. 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯ ರೂಪದಲ್ಲಿ ಬಂದು ಅನಂತರ ಕಾಯ್ದೆಯಾದ ಕಿರುಸಾಲ ಮತ್ತು ಸಣ್ಣ ಸಾಲಗಳ ಬಲವಂತದ ವಸೂಲಿ ತಡೆ ಕಾನೂನು 10 ವರ್ಷದವರೆಗೆ ಸೆರೆ ಹಾಗೂ 5 ಲಕ್ಷ ರೂಪಾಯಿವರೆಗೆ ದಂಡವನ್ನು ವಿಧಿಸಿದೆ. ವ್ಯಾಪಾರದ ಜೊತೆಗೆ ಕೈಗಡ, ಬಡ್ಡಿ ಸಾಲಗಳ ವ್ಯವಹಾರವನ್ನೂ ಇಟ್ಟುಕೊಂಡವರು ಇದನ್ನು ಲಘುವಾಗಿ ಕಾಣಲಾಗದು.

ಒಂದೇ ಬಾಕಿ, ನಾಲ್ಕು ಬಗೆ

ಈಗ ಮೂಲ ಪ್ರಶ್ನೆಗೆ ಬರೋಣ. 5 ಲಕ್ಷ ರೂಪಾಯಿ ಬಾಕಿ ಉಳಿದಿದೆಯೆಂದು ಇಟ್ಟುಕೊಳ್ಳೋಣ. ಮೊತ್ತ ಒಂದೇ ಆದರೂ ಅದು ಎದುರಿನವನ ಕೈಗೆ ಹೇಗೆ ಸೇರಿತೆಂಬುದರ ಮೇಲೆ ಕಾನೂನಿನ ನೋಟ ಬದಲಾಗುತ್ತದೆ.

ಖರೀದಿದಾರನೊಬ್ಬ ಮೆಣಸಿನಕಾಯಿಯನ್ನು ಉದ್ರಿಯಾಗಿ ಕೊಂಡು, ದರ ಬಿದ್ದುದರಿಂದ ಹಣ ಕೊಡಲಾರದೆ ಹೋದರೆ ಅದು ಬಹುಮಟ್ಟಿಗೆ ಸಿವಿಲ್ ವ್ಯಾಜ್ಯ. ಮಾರಾಟವಾದ ಸರಕು ಕೊಂಡವನದಾಗುತ್ತದೆ. ಅವನಲ್ಲಿ ಅದನ್ನು ನಂಬಿ ಒಪ್ಪಿಸಿದಂತಾಗುವುದಿಲ್ಲ. ಕುದುರೆಗಳ ಮೇವಿನ ಧಾನ್ಯ ಪೂರೈಸಿದ ವ್ಯಾಪಾರಿಗೆ ಬಾಕಿ ಸಲ್ಲಲಿಲ್ಲವೆಂಬ ದೂರಿನಿಂದ ಹುಟ್ಟಿದ ದೆಹಲಿ ರೇಸ್ ಕ್ಲಬ್ ಪ್ರಕರಣದಲ್ಲಿ 2024ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನೇ ಎತ್ತಿಹೇಳಿ ಕ್ರಿಮಿನಲ್ ಮೊಕದ್ದಮೆಯನ್ನು ರದ್ದುಪಡಿಸಿತು. ವಂಚನೆ ಮತ್ತು ನಂಬಿಕೆದ್ರೋಹ ಒಂದೇ ಸಂಗತಿಯ ಮೇಲೆ ಒಟ್ಟಿಗೆ ನಿಲ್ಲಲಾರವೆಂದೂ ಅಲ್ಲಿ ಸ್ಪಷ್ಟಪಡಿಸಲಾಯಿತು.

ಆದರೆ ಖರೀದಿದಾರನಿಗೆ ಕೊಳ್ಳುವಾಗಲೇ ಹಣ ಕೊಡುವ ಉದ್ದೇಶವಿಲ್ಲದೆ, ಸುಳ್ಳು ಹೆಸರು ಅಥವಾ ಸುಳ್ಳು ದಾಖಲೆ ತೋರಿಸಿ ಸರಕನ್ನು ಎತ್ತಿದ್ದರೆ ಅದು ವಂಚನೆ. 318(4)ನೇ ಕಲಮಿನಡಿ 7 ವರ್ಷದವರೆಗೆ ಸೆರೆ, ಸಂಜ್ಞೇಯ, ಅಜಾಮೀನೀಯ, ನ್ಯಾಯಾಲಯದ ಅನುಮತಿಯಿಂದ ರಾಜಿಯುಂಟು. ಇಲ್ಲಿ ನಿರ್ಣಾಯಕವಾದುದು ವ್ಯವಹಾರದ ಆರಂಭದಲ್ಲಿದ್ದ ಮನಸ್ಸು; ಕೊನೆಯಲ್ಲಿ ಉಳಿದ ಬಾಕಿಯಲ್ಲ.

ಮೂರನೆಯದು ನಂಬಿಕೆದ್ರೋಹ. ಅಂಗಡಿಯ ದಿವಾನಜಿಯು ವಸೂಲಿ ಮಾಡಿದ ಹಣವನ್ನು ನುಂಗಿದರೆ 316(4)ನೇ ಕಲಮಿನಡಿ 7 ವರ್ಷದವರೆಗೆ ಸೆರೆ. ಆದರೆ ರೈತನು ಮಾರಿಕೊಡಲೆಂದು ತಂದೊಪ್ಪಿಸಿದ ಸರಕನ್ನು ಮಾರಿ, ಬಂದ ಹಣವನ್ನು ದಲಾಲನೇ ದುರುದ್ದೇಶದಿಂದ ಸ್ವಂತಕ್ಕೆ ಬಳಸಿಕೊಂಡರೆ ಪರಿಸ್ಥಿತಿ ಇನ್ನೂ ಗಂಭೀರ. ಸರ್ಕಾರಿ ನೌಕರ, ಬ್ಯಾಂಕರ್, ವರ್ತಕ, ದಲಾಲ, ಏಜೆಂಟ್ ಇವರನ್ನು 316(5)ನೇ ಕಲಂ ಒಂದೇ ಸಾಲಿನಲ್ಲಿ ನಿಲ್ಲಿಸಿದೆ: 10 ವರ್ಷದವರೆಗೆ ಅಥವಾ ಜೀವಾವಧಿ ಸೆರೆ, ಸಂಜ್ಞೇಯ, ಅಜಾಮೀನೀಯ, ರಾಜಿಗೆ ಅವಕಾಶವಿಲ್ಲ. ನೌಕರನ ದ್ರೋಹಕ್ಕಿಂತ ಮಾಲೀಕನ ದ್ರೋಹವನ್ನು ಕಾನೂನು ಹೆಚ್ಚು ಭಾರವಾಗಿ ತೂಗುತ್ತದೆ. ಪೇಟೆಯಲ್ಲಿ ನಂಬಿಕೆಯೇ ಬಂಡವಾಳವಾಗಿರುವವರಿಗೆ ಆ ನಂಬಿಕೆಯೇ ಹೊಣೆಯ ಅಳತೆಯೂ ಆಗಿದೆ. ರೈತನ ಪಟ್ಟಿಯ ಹಣವನ್ನು ಬೇರೆ ವ್ಯವಹಾರದಲ್ಲಿ ತೊಡಗಿಸಿ ನಾಳೆ ಕೊಟ್ಟರಾಯಿತೆಂದು ಭಾವಿಸುವ ರೂಢಿ ಎಲ್ಲಿಯಾದರೂ ಇದ್ದರೆ, ಈ ಕಲಮನ್ನು ಓದಿ ಕೈಬಿಡುವುದು ಲೇಸು.

ನಾಲ್ಕನೆಯದು ಚೆಕ್ ಅಮಾನ್ಯ. ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ 2 ವರ್ಷದವರೆಗೆ ಸೆರೆ ಅಥವಾ ಚೆಕ್ ಮೊತ್ತದ ಇಮ್ಮಡಿವರೆಗೆ ದಂಡ ಅಥವಾ ಎರಡೂ. ಇದು ಜಾಮೀನೀಯ, ರಾಜಿಗೆ ಯೋಗ್ಯ. ಪೊಲೀಸರು ದಾಖಲಿಸುವ ಪ್ರಕರಣವಲ್ಲ. ಚೆಕ್ ಮರಳಿದ ಮಾಹಿತಿ ಬಂದ 30 ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ 15 ದಿನಗಳೊಳಗೆ ಹಣ ಬಾರದಿದ್ದರೆ ಅನಂತರದ ಒಂದು ತಿಂಗಳೊಳಗೆ ದಂಡಾಧಿಕಾರಿಗಳ ಮುಂದೆ ಖಾಸಗಿ ದೂರು ಸಲ್ಲಿಸಬೇಕು. 2015ರ ತಿದ್ದುಪಡಿಯ ನಂತರ, ಚೆಕ್ಕನ್ನು ತನ್ನ ಖಾತೆಗೆ ಜಮಾ ಮಾಡಿದವನು ಆ ಖಾತೆಯಿರುವ ಶಾಖೆಯ ವ್ಯಾಪ್ತಿಯ ನ್ಯಾಯಾಲಯದಲ್ಲಿಯೇ ದೂರು ಕೊಡಬಹುದು. ಪರರಾಜ್ಯದ ಖರೀದಿದಾರನ ಚೆಕ್ ಮರಳಿದರೂ ಬ್ಯಾಡಗಿಯ ಶಾಖೆಯಲ್ಲಿ ಖಾತೆಯುಳ್ಳ ವರ್ತಕನು ಆ ದೂರದ ಊರಿಗೆ ಅಲೆಯಬೇಕಿಲ್ಲ. ಫೋರ್ ಟ್ವೆಂಟಿಯ ಬೆನ್ನುಹತ್ತಿ ಈ 30 ದಿನಗಳನ್ನು ಕಳೆದುಕೊಳ್ಳುವುದೇ ಪೇಟೆಯ ದೊಡ್ಡ ನಷ್ಟ.

ಸರಕಿನ ಅಪರಾಧಗಳು

ಸರಕಿನ ವಿಷಯದಲ್ಲಿಯೂ ಇದೇ ಬಗೆಯ ಮೆಟ್ಟಿಲುಗಳಿವೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಬೇರೆಡೆಯ ಕಾಯಿಗೆ ಆ ಸೂಚಕವನ್ನು ಸುಳ್ಳಾಗಿ ಅಂಟಿಸಿದರೆ 1999ರ ಭೌಗೋಳಿಕ ಸೂಚಕಗಳ ಕಾಯ್ದೆಯ 39ನೇ ಕಲಮಿನಡಿ 6 ತಿಂಗಳಿಂದ 3 ವರ್ಷದವರೆಗೆ ಸೆರೆಯುಂಟು. ಖಾರದ ಪುಡಿಯ ಗುಣಮಟ್ಟ ಕಡಿಮೆಯಿದ್ದರೆ ಆಹಾರ ಸುರಕ್ಷತಾ ಕಾಯ್ದೆಯಡಿ ಅದು ನ್ಯಾಯನಿರ್ಣಯ ಅಧಿಕಾರಿಯ ಮುಂದೆ ದಂಡದಲ್ಲಿ ಮುಗಿಯುವ ವಿಷಯ. ಆದರೆ ಕೃತಕ ಬಣ್ಣ ಬೆರೆತು ಪುಡಿ ಅಸುರಕ್ಷಿತವಾಗಿದ್ದರೆ ಅದು ಅಪರಾಧ: ತಿಂದವರಿಗೆ ತೀವ್ರ ಹಾನಿಯಾದರೆ 6 ವರ್ಷದವರೆಗೆ ಸೆರೆ, ಸಾವು ಸಂಭವಿಸಿದರೆ 7 ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿವರೆಗಿನ ಸೆರೆ.

ರಾಣೆಬೆನ್ನೂರಿನ ಬೀಜ ವ್ಯಾಪಾರಿಗಳಿಗೆ 1966ರ ಬೀಜ ಕಾಯ್ದೆ ಪರಿಚಿತ. ಅದು ಮೊದಲ ಅಪರಾಧಕ್ಕೆ ವಿಧಿಸಿದ ದಂಡ ಕೇವಲ 500 ರೂಪಾಯಿವರೆಗೆ. ಇಷ್ಟನ್ನೇ ನಂಬಿ ನಿಶ್ಚಿಂತರಾಗುವಂತಿಲ್ಲ. 1983ರ ಬೀಜ ನಿಯಂತ್ರಣ ಆದೇಶ ಹೊರಟಿರುವುದು ಅಗತ್ಯ ವಸ್ತುಗಳ ಕಾಯ್ದೆಯಡಿ. ಅದರ 7ನೇ ಕಲಂ 7 ವರ್ಷದವರೆಗೆ ಸೆರೆಯನ್ನು ಹೇಳುತ್ತದೆ. ಬೀಜ ಕಳಪೆಯೆಂದು ತಿಳಿದೂ ಉತ್ತಮವೆಂದು ನಂಬಿಸಿ ಮಾರಿದರೆ ವಂಚನೆಯ ಕಲಮೂ ಜೊತೆಗೂಡಬಹುದು.

ಅಂಗಡಿಯ ಸಣ್ಣ ಕಳವಿನ ವಿಷಯದಲ್ಲಿ ಹೊಸ ಬದಲಾವಣೆಯೊಂದಿದೆ. ಕಳವಾದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದರೆ ಆ ಅಪರಾಧ ಈಗ ಅಸಂಜ್ಞೇಯ. ಮೊದಲ ಬಾರಿ ತಪ್ಪಿತಸ್ಥನಾದವನು ವಸ್ತುವನ್ನು ಅಥವಾ ಅದರ ಬೆಲೆಯನ್ನು ಹಿಂದಿರುಗಿಸಿದರೆ ಶಿಕ್ಷೆ ಸಮುದಾಯ ಸೇವೆ. ಠಾಣೆಯಲ್ಲಿ ಇಂತಹ ದೂರು ಒಡನೆಯೇ ಪ್ರಥಮ ವರ್ತಮಾನ ವರದಿಯಾಗದಿದ್ದರೆ ಅದನ್ನು ಪೊಲೀಸರ ಉದಾಸೀನವೆಂದೇ ತಿಳಿಯಬೇಕಿಲ್ಲ.

ದೂರಿಗೆ ಮುನ್ನ, ನೋಟಿಸ್ ಬಂದಾಗ

3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಸಂಜ್ಞೇಯ ಅಪರಾಧಗಳಲ್ಲಿ ಉಪ ಅಧೀಕ್ಷಕರ ಅನುಮತಿ ಪಡೆದು 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಸುರಕ್ಷಾ ಸಂಹಿತೆಯ 173(3)ನೇ ಕಲಂ ಅವಕಾಶ ನೀಡಿದೆ. ದೂರು ಎದುರಿಸುವವರಿಗೂ ರಕ್ಷಣೆಯಿದೆ. 7 ವರ್ಷದವರೆಗಿನ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಕೂಡದೆಂದು 2014ರ ಅರ್ನೇಶ್ ಕುಮಾರ್ ತೀರ್ಪು ವಿಧಿಸಿದೆ. ಬಂಧನ ಅನವಶ್ಯವಾದಲ್ಲಿ 35(3)ನೇ ಕಲಮಿನಡಿ ಹಾಜರಾತಿಯ ನೋಟಿಸ್ ನೀಡಲಾಗುತ್ತದೆ. ಅಂತಹ ನೋಟಿಸ್ ಬಂದಾಗ ತಲೆಮರೆಸಿಕೊಳ್ಳುವುದು ಅವಿವೇಕ. ಹಾಜರಾಗಿ ಲೆಕ್ಕಪತ್ರ ಒಪ್ಪಿಸುವವನಿಗೆ ಕಾನೂನಿನ ಆಸರೆಯಿರುತ್ತದೆ.

ಆದುದರಿಂದ ಬಾಕಿ ವಸೂಲಿಗೆ ಹೊರಡುವ ವರ್ತಕನು ಮೊದಲು ಖಾತೆ ಪುಸ್ತಕವನ್ನು ತೆರೆದು ನೋಡಲಿ: ಸರಕು ಮಾರಿದ್ದೋ, ನಂಬಿ ಒಪ್ಪಿಸಿದ್ದೋ? ಆರಂಭದಲ್ಲಿ ಮೋಸವಿತ್ತೋ, ಕೊನೆಯಲ್ಲಿ ಅಶಕ್ತತೆ ಬಂದಿತೋ? ಚೆಕ್ ಇದ್ದರೆ ಅದು ಮರಳಿ ಎಷ್ಟು ದಿನಗಳಾದವು? ಈ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ಹೋಗಬೇಕಾದುದು ಠಾಣೆಗೋ, ದಂಡಾಧಿಕಾರಿಗಳ ನ್ಯಾಯಾಲಯಕ್ಕೋ, ಸಿವಿಲ್ ನ್ಯಾಯಾಲಯಕ್ಕೋ ಎಂಬುದು ತಾನಾಗಿಯೇ ತಿಳಿಯುತ್ತದೆ. ಅನಂತರ ವಕೀಲರ ಸಲಹೆ ಪಡೆದು ಮುಂದುವರಿದರೆ ಹಣವೂ ಕಾಲವೂ ಉಳಿಯುತ್ತವೆ. ಪೇಟೆಯಲ್ಲಿ ತಲೆಮಾರುಗಳಿಂದ ಬಂದ ಸಂಬಂಧಗಳೂ ಉಳಿಯುತ್ತವೆ.