ಅಕ್ಕಡಿ ಸಾಲಿನ ಲೆಕ್ಕ ಮತ್ತು ಉಳಿತಾಯದ ಹಂಚಿಕೆ



ಹಿಂಗಾರಿ ಬಿಳಿಜೋಳದ ನಡುನಡುವೆ ಕುಸುಬಿಯ ಅಕ್ಕಡಿ ಹಾಕುವುದು ಜತ್ತ, ವಿಜಯಪುರ ಭಾಗದ ಹಳೆಯ ರೂಢಿ. ಕುಸುಬಿಯ ಬೇರು ಆಳಕ್ಕೆ ಇಳಿಯುತ್ತದೆ. ಮೇಲ್ಮಣ್ಣಿನ ಹಸಿ ಆರಿ ಜೋಳ ಬಾಡಿದರೂ ಕುಸುಬಿ ತಕ್ಕಮಟ್ಟಿಗೆ ಕೈಗೆ ಬರುತ್ತದೆ. ಒಂದು ಸೋತಾಗ ಇನ್ನೊಂದೂ ಸೋಲಬಾರದು ಎಂಬುದೇ ಇದರ ಲೆಕ್ಕ. ಕಬ್ಬಿನ ಬಿಲ್ಲಿನಲ್ಲಿ ಉಳಿಸಿದ ರೊಕ್ಕಕ್ಕೂ ಈ ಲೆಕ್ಕವನ್ನೇ ಹಚ್ಚಿ ನೋಡಬೇಕು.

ಸಹಸಂಬಂಧ ಎಂದರೇನು?

ಎರಡು ಆದಾಯಗಳು ಎಷ್ಟರಮಟ್ಟಿಗೆ ಕೂಡಿಯೇ ಏರಿಳಿಯುತ್ತವೆ ಎಂಬುದರ ಅಳತೆಗೆ ಸಹಸಂಬಂಧ ಎನ್ನುತ್ತಾರೆ. ಪೂರ್ತಿ ಜೊತೆಯಾಗಿ ನಡೆದರೆ ಅದು +1. ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ 0. ಒಂದು ಏರಿದಾಗ ಇನ್ನೊಂದು ಇಳಿದರೆ -1 ರ ಕಡೆಗೆ.

ಸಂಖದ ಒಬ್ಬ ಸದಸ್ಯರಿಗೆ ಕಬ್ಬು, ದಾಳಿಂಬೆ, ಊರ ಪತಸಂಸ್ಥೆಯಲ್ಲಿ ಠೇವಣಿ, ನೆರೆಯವರಿಗೆ ಕೊಟ್ಟ ಕೈಗಡ, ಹೀಗೆ ನಾಲ್ಕು ಆಧಾರಗಳಿವೆ ಎನ್ನೋಣ. ಕಾಗದದ ಮೇಲೆ ನಾಲ್ಕು. ಆದರೆ ಮಳೆ ತಪ್ಪಿ ಬೋರ್‌ವೆಲ್ ಬತ್ತಿದರೆ ಕಬ್ಬೂ ದಾಳಿಂಬೆಯೂ ಒಟ್ಟಿಗೆ ಒಣಗುತ್ತವೆ. ಕೈಗಡ ಒಯ್ದವರೂ ಪತಸಂಸ್ಥೆಯ ಸಾಲಗಾರರೂ ಅದೇ ಮಳೆಯನ್ನು ನಂಬಿದವರು. ಆದ್ದರಿಂದ ಆ ನಾಲ್ಕೂ ನಿಜವಾಗಿ ಒಂದೇ. 2020ರ ಫೆಬ್ರುವರಿಯಿಂದ ಬ್ಯಾಂಕಿನ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಸಹಕಾರಿ ಬ್ಯಾಂಕಿಗೂ ಉಂಟು. ಪತಸಂಸ್ಥೆಯ ಠೇವಣಿಗೆ ಆ ವಿಮೆ ಇಲ್ಲವೆಂಬುದನ್ನು ತಾವು ನೆನಪಿಡಬೇಕು.

ಬಾಂಡ್ ನಿಧಿಯ ಗುಣ

ಬಹುಜನರ ಹಣ ಕೂಡಿಸಿ ಸರ್ಕಾರದ ಮತ್ತು ಕಂಪನಿಗಳ ಸಾಲಪತ್ರ ಕೊಳ್ಳುವುದು ಬಾಂಡ್ ನಿಧಿ. ಯಾರಿಗೆ ಸಾಲ ಕೊಡಬೇಕು, ಎಷ್ಟು ಅವಧಿಗೆ ಕೊಡಬೇಕು ಎಂಬುದನ್ನು ನಿಧಿಯ ವ್ಯವಸ್ಥಾಪಕರು ಕಾಲಕಾಲಕ್ಕೆ ಬದಲಿಸುತ್ತಾರೆ. ಅದಕ್ಕಾಗಿ ವರ್ಷವೂ ಶುಲ್ಕ ಕಡಿತವಾಗುತ್ತದೆ.

ಹೊಸ ಬಾಂಡು 8 ಶೇಕಡಾ ಕೊಡುವಾಗ 7 ಶೇಕಡಾದ ಹಳೆಯದನ್ನು ಪೂರ್ತಿ ಬೆಲೆಗೆ ಯಾರೂ ಕೊಳ್ಳುವುದಿಲ್ಲ. ಬಡ್ಡಿ ದರ 1 ಶೇಕಡಾ ಏರಿದರೆ, ಸರಾಸರಿ ಅವಧಿ 7 ವರ್ಷದ ನಿಧಿಯ ಬೆಲೆ ಸುಮಾರು 7 ಶೇಕಡಾ ಇಳಿಯುತ್ತದೆ. 1 ವರ್ಷದ್ದು ಸುಮಾರು 1 ಶೇಕಡಾ. ರಿಸರ್ವ್ ಬ್ಯಾಂಕು ತನ್ನ ರೆಪೋ ದರವನ್ನು 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ 4 ಶೇಕಡಾದಿಂದ 6.5ಕ್ಕೆ ಏರಿಸಿತು. ಇಂಥ ಏರಿಳಿತ ಮುಂಬಯಿಯಲ್ಲಿ ನಿರ್ಧಾರವಾಗುತ್ತದೆ. ಸಂಖದ ಕೆರೆ ತುಂಬಿತೋ ಇಲ್ಲವೋ ಎಂಬುದಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ನಮಗೆ ಬೇಕಾದ ಗುಣ ಇದೇ.

ಆರು ಹೆಸರು, ಒಂದೇ ಗಾಳಿ

2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್ಟನ್ ಸಂಸ್ಥೆಯು ತನ್ನ ಆರು ಬಾಂಡ್ ನಿಧಿಗಳನ್ನು ಒಮ್ಮೆಲೇ ಮುಚ್ಚಿತು. ಸುಮಾರು 25 ಸಾವಿರ ಕೋಟಿ ರೂಪಾಯಿ ಸಿಕ್ಕಿಬಿತ್ತು. ಹೆಸರುಗಳು ಬೇರೆ ಬೇರೆಯಾಗಿದ್ದರೂ ಹೆಚ್ಚಿನ ಬಡ್ಡಿಯ ಆಸೆಗೆ ಕೊಂಡ ಕಡಿಮೆ ದರ್ಜೆಯ ಕಂಪನಿಗಳ ಬಾಂಡುಗಳು ಹಲವು ನಿಧಿಗಳಲ್ಲಿ ಸಮಾನವಾಗಿದ್ದವು. ಕೊರೊನಾ ಕಾಲದಲ್ಲಿ ಅವಕ್ಕೆ ಗಿರಾಕಿಗಳೇ ಇಲ್ಲವಾದರು. 2021ರ ಫೆಬ್ರುವರಿಯಿಂದ ಕಂತು ಕಂತಾಗಿ ಹಣ ಮರಳಿತು. ಆದರೆ ಹಂಗಾಮಿಗೆ ಬೇಕಾದ ರೊಕ್ಕ ಹಂಗಾಮು ಮುಗಿದ ಮೇಲೆ ಬಂದರೆ ರೈತನಿಗೆ ಏನು ಪ್ರಯೋಜನ? ಆರು ಕಡೆ ಹಂಚಿದೆನೆಂದು ನಂಬಿದವರು ಒಂದೇ ಹೊಲದಲ್ಲಿ ಆರು ಸಾಲು ಜೋಳ ಬಿತ್ತಿದ್ದರು.

ಗಮನಿಸಬೇಕಾದ ಅಂಶಗಳು

1. ಮೊದಲು ಹೆಚ್ಚಿನ ಬಡ್ಡಿಯ ಸಾಲ ತೀರಿಸಿರಿ. 14 ಶೇಕಡಾ ಸಾಲವಿಟ್ಟುಕೊಂಡು 7 ಶೇಕಡಾ ಗಳಿಸುವುದು ನಷ್ಟದ ವ್ಯಾಪಾರ.

2. ಬೀಜ, ಗೊಬ್ಬರ, ದವಾಖಾನೆಯ ಖರ್ಚಿನ ಹಣ ಬ್ಯಾಂಕಿನಲ್ಲಿಯೇ ಇರಲಿ.

3. ನಿಧಿ ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿರಿ: ಯಾರ ಬಾಂಡುಗಳಿವೆ? ಸರಾಸರಿ ಅವಧಿ ಎಷ್ಟು? ವರ್ಷದ ಶುಲ್ಕವೆಷ್ಟು?

4. ಎರಡು ನಿಧಿಗಳಲ್ಲಿ ಅವೇ ಕಂಪನಿಗಳಿದ್ದರೆ ಅದನ್ನು ಒಂದೇ ನಿಧಿಯೆಂದು ಎಣಿಸಿರಿ.

5. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ನಿಧಿಯ ಲಾಭಕ್ಕೆ ಉಂಟು.

ಬಿಲ್ಲು ಜಮೆಯಾದ ದಿನವೇ ಒಂದು ಹಾಳೆ ತೆಗೆದುಕೊಂಡು ತಮ್ಮ ಆದಾಯ, ಠೇವಣಿ, ಕೈಗಡಗಳನ್ನು ಬರೆಯಿರಿ. ಮಳೆ ತಪ್ಪಿದರೆ ಯಾವುವು ಉಳಿಯುತ್ತವೆ ಎಂದು ಒಂದೊಂದಾಗಿ ಗುರುತು ಹಾಕಿರಿ. ಒಂದೂ ಉಳಿಯದಿದ್ದರೆ ತಮ್ಮ ಹೊಲದಲ್ಲಿ ಅಕ್ಕಡಿ ಇಲ್ಲವೆಂದೇ ಅರ್ಥ.