ಸೀನು, ತುರಿಕೆಗೆ ಅಂಗಡಿಯ ಗುಳಿಗೆ: ರೈತರು ತಿಳಿದಿರಬೇಕಾದದ್ದು

ಒಕ್ಕಣೆಯ ಕಾಲದಲ್ಲಿ ಧೂಳು, ಸುಂಕು ಒಗ್ಗದೆ ಸಾಲುಸೀನು, ಮೂಗಿನಲ್ಲಿ ನೀರು, ಕಣ್ಣುರಿ ಬರುವುದುಂಟು. ಇಂಥ ಅಲರ್ಜಿಗೆ ಹಲವರು ಔಷಧಿ ಅಂಗಡಿಯಲ್ಲಿ ಕೇಳಿ ಗುಳಿಗೆ ತರುತ್ತಾರೆ. ಯಾವ ಗುಳಿಗೆ ಎಂಬುದನ್ನು ತಿಳಿದು ತರಬೇಕು.

ಹಳೆಯ ಬಗೆಯ ಕ್ಲೋರ್‌ಫೆನಿರಮಿನ್ ಅಗ್ಗ. ಆದರೆ ತೂಕಡಿಕೆ ತರುತ್ತದೆ. ಅದನ್ನು ನುಂಗಿ ಟ್ರ್ಯಾಕ್ಟರ್ ನಡೆಸುವುದು, ಒಕ್ಕಣೆ ಯಂತ್ರಕ್ಕೆ ತೆನೆ ಉಣಿಸುವುದು ಕೈಯನ್ನೇ ಕಳೆದುಕೊಳ್ಳುವ ಕೆಲಸ. ಮೂತ್ರ ಕಟ್ಟುವ ತೊಂದರೆಯುಳ್ಳ ವೃದ್ಧರಿಗೂ ಅದು ಸಲ್ಲದು. ವಯಸ್ಕರಿಗೆ ಸೆಟ್ರಿಜಿನ್ ೧೦ ಮಿ.ಗ್ರಾಂ. ದಿನಕ್ಕೊಂದು ಸಾಕು. ಇದರಿಂದಲೂ ಕೆಲವರಿಗೆ ಮಂಪರು ಬರುವುದರಿಂದ ರಾತ್ರಿ ನುಂಗುವುದು ಲೇಸು. ಜೊತೆಗೆ ಮದ್ಯ ಕೂಡದು. ಮೂತ್ರಪಿಂಡದ ಕಾಯಿಲೆಯವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಮಕ್ಕಳಿಗೆ ದೊಡ್ಡವರ ಗುಳಿಗೆ ಮುರಿದು ಕೊಡಬಾರದು. ನೆಗಡಿಯ ಎಷ್ಟೋ ಗುಳಿಗೆಗಳಲ್ಲಿ ಕ್ಲೋರ್‌ಫೆನಿರಮಿನ್ ಮೊದಲೇ ಬೆರೆತಿರುತ್ತದೆ. ಎರಡನ್ನೂ ನುಂಗಿದರೆ ಪ್ರಮಾಣ ಇಮ್ಮಡಿಯಾದೀತು. ಮೇಲೆ ಅಚ್ಚಾಗಿರುವ ಔಷಧದ ಹೆಸರನ್ನು ಓದಿ ನೋಡಿ.

ಪಾರ್ಥೇನಿಯಂ ಕಿತ್ತವರ ಕತ್ತು, ರೆಪ್ಪೆ, ಮೊಣಕೈ ಮಡಿಕೆಗಳಲ್ಲಿ ಏಳುವ ಕಜ್ಜಿಯ ಮಾತು ಬೇರೆ. ಈ ಗುಳಿಗೆಗಳು ಅದನ್ನು ವಾಸಿಮಾಡವು. ಸ್ಟೀರಾಯ್ಡ್ ಮುಲಾಮನ್ನು ತಾವಾಗಿಯೇ ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಚರ್ಮವೈದ್ಯರಿಗೆ ತೋರಿಸುವುದೇ ಸರಿ.

ಕೀಟನಾಶಕ ಸಿಂಪಡಿಸಿದ ಮೇಲೆ ಮೂಗುಬಾಯಲ್ಲಿ ನೀರು, ಬೆವರು, ಕಣ್ಣು ಮಂಜು, ವಾಂತಿ ಕಂಡರೆ ಅದನ್ನು ಅಲರ್ಜಿಯೆಂದು ಬಗೆಯದಿರಿ, ಅದು ವಿಷಬಾಧೆ. ಗುಳಿಗೆ ನುಂಗಿ ಮಲಗದೆ ಬಟ್ಟೆ ಕಳಚಿ, ಸಾಬೂನಿನಿಂದ ಮೈ ತೊಳೆದು, ಕೀಟನಾಶಕದ ಡಬ್ಬಿಯೊಡನೆ ಆಸ್ಪತ್ರೆ ಸೇರಬೇಕು. ಜೇನು, ಕಣಜ ಕಡಿದು ತುಟಿ ಊದಿ ಉಸಿರು ಕಟ್ಟಿದಾಗಲೂ ಗುಳಿಗೆಯನ್ನು ನಂಬಿ ಕೂರದೆ ಕೂಡಲೇ ಆಸ್ಪತ್ರೆಗೆ ಧಾವಿಸಿ.